ಸಹಾಯ ಬೇಕು: ಅಕೌಂಟಿಂಗ್ ಸಾಫ್ಟ್‌ವೇರ್‌ನ ವೆಬ್ ಸರ್ವೀಸ್, ಹೊರಗಿನಿಂದ ಲಾಗಿನ್ ಆಗುತ್ತಿಲ್ಲ

ವಿಂಡೋಸ್ ಸರ್ವರ್ 2019, ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್), ಪೋರ್ಟ್ 8080. ಡೇಟಾಬೇಸ್ ಅದೇ ಯಂತ್ರದಲ್ಲಿದೆ. ಇನ್‌ಸ್ಟಾಲ್ ಆದ ಕೂಡಲೇ 503 (ಸೇವೆ ಲಭ್ಯವಿಲ್ಲ) ಎಂಬ ದೋಷ ಬರುತ್ತಿತ್ತು. ಅಪ್ಲಿಕೇಶನ್ ಪೂಲ್‌ಗೆ (ಐಐಎಸ್‌ನಲ್ಲಿ ಈ ಸರ್ವೀಸ್ ಅನ್ನು ಓಡಿಸುವ ಭಾಗ) ಕೊಟ್ಟಿದ್ದ ಖಾತೆಯ ಪಾಸ್‌ವರ್ಡ್ ಬದಲಾಗಿದ್ದೇ ಕಾರಣ. ಹೊಸದನ್ನು ಹಾಕಿ ಪೂಲ್ ಶುರು ಮಾಡಿದ ಮೇಲೆ ಆಫೀಸಿನೊಳಗೆ ತೊಂದರೆಯಿಲ್ಲ.

ಹೊರಗಿನಿಂದ ಬರಲು ಪೋರ್ಟ್ ಫಾರ್ವರ್ಡಿಂಗ್ (ರೌಟರ್‌ಗೆ ಬಂದ ಸಂಪರ್ಕವನ್ನು ಒಳಗಿನ ಯಂತ್ರಕ್ಕೆ ಕಳಿಸುವುದು) ಉಪಯೋಗವಿಲ್ಲ. ರೌಟರ್‌ನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.72ರಿಂದ ಶುರುವಾಗುತ್ತದೆ, ಅಂದರೆ ನಾವು ಸಿಜಿನ್ಯಾಟ್ (ಒಂದೇ ಸಾರ್ವಜನಿಕ ಐಪಿಯನ್ನು ಇಂಟರ್‌ನೆಟ್ ಕಂಪನಿ ಹಲವರಿಗೆ ಹಂಚುವ ವ್ಯವಸ್ಥೆ) ಹಿಂದಿದ್ದೇವೆ. ಹಾಗಾಗಿ ಸ್ಥಿರ ಐಪಿ ಇರುವ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಮೂಲಕ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿದ್ದೇವೆ, ಸಬ್‌ನೆಟ್ 10.8.0.0/24. ಫೈರ್‌ವಾಲ್ ನಿಯಮದ ಸ್ಕೋಪ್ 'ಲೋಕಲ್ ಸಬ್‌ನೆಟ್' ಎಂದಷ್ಟೇ ಇದ್ದರೆ ವಿಪಿಎನ್‌ನಿಂದ ಬಂದವರಿಗೆ ತಡೆಯಾಗುತ್ತದೆ. ಅದಕ್ಕೆ ಈ ಸಬ್‌ನೆಟ್ ಕೂಡ ಸೇರಿಸಿದೆ.

ಈಗ ಸರ್ವರ್‌ನ ಐಪಿ ಹಾಕಿದರೆ ಲಾಗಿನ್ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಕೊಟ್ಟ ತಕ್ಷಣ ಬ್ರೌಸರ್ ಸರ್ವರ್‌ನ ಯಂತ್ರದ ಹೆಸರಿಗೆ ಜಿಗಿದು, ಆ ಹೆಸರು ಸಿಗದೆ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಎಂಬ ಪಟ್ಟಿ) ಆ ಹೆಸರಿನ ಎದುರು ಐಪಿ ಬರೆದರೆ ಎಲ್ಲವೂ ನಡೆಯುತ್ತದೆ, ಆದ್ದರಿಂದ ತಪ್ಪು ಈ ರೀಡೈರೆಕ್ಟ್‌ನಲ್ಲೇ (ಬೇರೆ ವಿಳಾಸಕ್ಕೆ ಜಿಗಿಯುವುದರಲ್ಲೇ) ಇದೆ ಎಂಬುದು ಖಚಿತ. ಮೊಬೈಲ್‌ಗಳಲ್ಲಿ ಆ ಫೈಲ್ ಮುಟ್ಟಲು ಆಗುವುದಿಲ್ಲ.

ಬಲ್ಲವರು ದಯವಿಟ್ಟು ಹೇಳಿ: ಕಾನ್ಫಿಗ್ ಫೈಲ್‌ನಲ್ಲಿ ಬೇಸ್ ಯುಆರ್‌ಎಲ್ (ಸರ್ವೀಸ್‌ನ ಮೂಲ ವಿಳಾಸ) ಬದಲಿಸಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗುತ್ತದೆಯೇ? ಅದಕ್ಕಿಂತ ವೈರ್‌ಗಾರ್ಡ್‌ನ ಡಿಎನ್ಎಸ್ ಸಾಲಿನಲ್ಲಿ ಒಳಗಿನ ಡಿಎನ್ಎಸ್ ಸರ್ವರ್ (ಹೆಸರಿಗೆ ಐಪಿ ಹುಡುಕಿಕೊಡುವುದು) ಕೊಟ್ಟು, ಡೊಮೇನ್ ಸಮೇತ ಪೂರ್ತಿ ಹೆಸರು ಬಳಸುವುದು ಮೇಲೇ? ಇಂಥದ್ದನ್ನು ಆಂಡ್ರಾಯ್ಡ್‌ನಲ್ಲಿ ನಡೆಸುತ್ತಿರುವವರ ಸೆಟ್ಟಿಂಗ್ ಸಿಕ್ಕರೆ ತುಂಬ ಉಪಕಾರ.

ಡೇಟಾಬೇಸ್‌ನ 1433 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯುವ ಸಲಹೆ ಮಾತ್ರ ಬೇಡ. ಲೆಕ್ಕಪತ್ರವೆಲ್ಲ ಅಲ್ಲೇ ಇದೆ.