ಫಿನ್‌ಲೆಂಡಿಗೆ ಬಂದ ಮೇಲೆ ಮೂಗಲ್ಲಿ ರಕ್ತ, ಮೈ ತುಂಬ ಬಿರುಕು: ಡಾಕ್ಟರ್ ಮೇಡಂಗೆ ಪ್ರಶ್ನೆ

ಪ್ರಶ್ನೆ (ಪುಣೆಯ ಕೋಥರೂಡಿನವರು, ಈಗ ಫಿನ್‌ಲೆಂಡಿನ ಟಾಂಪೆರೆಯಲ್ಲಿ):
ನಮಸ್ಕಾರ ಮೇಡಂ. ನಮ್ಮ ಯಜಮಾನರ ಕೆಲಸಕ್ಕಾಗಿ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದೆವು. ಮಗನಿಗೆ ನಾಲ್ಕು ವರ್ಷ. ಹೊರಡುವಾಗ ಅತ್ತೆಯವರು ತುಳಶಿಬಾಗಿಗೆ ಹೋಗಿ ಸ್ವೆಟರ್, ಕಿವಿಟೋಪಿ, ಮಫ್ಲರ್ ಎಲ್ಲ ತಂದು ಬ್ಯಾಗ್ ತುಂಬಿಸಿದ್ದರು. ಹೊರಗೆ ಮೈನಸ್ 10 ಇದ್ದರೂ ಹೇಗೋ ನಡೆಯುತ್ತಿದೆ. ತೊಂದರೆ ಆಗಿರುವುದು ಮನೆಯೊಳಗೆ. ಮೊನ್ನೆ ರಾತ್ರಿ ಮಗನ ಮೂಗಿನಿಂದ ರಕ್ತ ಬಂದು ದಿಂಬೆಲ್ಲ ಕೆಂಪಾಗಿತ್ತು, ನನಗೆ ಕೈಕಾಲೇ ಆಡಲಿಲ್ಲ. ನನ್ನ ಮೊಣಕಾಲಿನ ಕೆಳಗೆಲ್ಲ ಚರ್ಮ ಬೆಳ್ಳಗಾಗಿ ಬಿರುಕು ಬಿಟ್ಟಿದೆ, ಕೊಬ್ಬರಿ ಎಣ್ಣೆ ಹಚ್ಚಿದರೂ ಉಪಯೋಗ ಇಲ್ಲ. ಕಾಲ್ಬೆರಳು ಕೆಂಪಾಗಿ ಊದಿ ರಾತ್ರಿ ವಿಪರೀತ ತುರಿಕೆ. ಮಗುವಿಗೆ ಚಳಿ ಆಗಬಾರದು ಅಂತ ಹೀಟರ್ ಪೂರ್ತಿ ತಿರುಗಿಸಿ ಇಟ್ಟಿದ್ದೇವೆ. ಡೇಕೇರ್‌ನವರು ಇಂಥ ಚಳಿಯಲ್ಲೂ ಮಕ್ಕಳನ್ನು ಹೊರಗೆ ಆಡಿಸುತ್ತಾರೆ. ನನ್ನ ಮಗನನ್ನು ಒಳಗೇ ಕೂರಿಸಿ ಅಂತ ಹೇಳಲಾ?

ಉತ್ತರ (ಡಾಕ್ಟರ್):
ತಂಗಿ, ಮೊದಲು ಆ ಹೀಟರ್ ಇಳಿಸಿ. 20, 21 ಡಿಗ್ರಿ ಸಾಕು. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಅದೇ ಕಾರಣ.

ಮೈನಸ್ 10ರ ಗಾಳಿಯಲ್ಲಿ ತೇವ ನಿಲ್ಲುವುದೇ ಇಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಎರಡು ಗ್ರಾಂ ಚಿಲ್ಲರೆ ನೀರಿನ ಆವಿ. ಅದೇ ಗಾಳಿ ಮನೆಯೊಳಗೆ ಬಂದು 22 ಡಿಗ್ರಿಗೆ ಕಾದರೆ ಅದಕ್ಕೆ 19 ಗ್ರಾಂವರೆಗೆ ಹಿಡಿಯುವ ಶಕ್ತಿ ಬರುತ್ತದೆ, ಆದರೆ ಇರುವುದು ಆ ಎರಡೇ ಗ್ರಾಂ. ಉಳಿದದ್ದನ್ನು ನಿಮ್ಮ ಚರ್ಮದಿಂದ, ಮಗನ ಮೂಗಿನಿಂದ ಎಳೆದುಕೊಳ್ಳುತ್ತದೆ. ಪುಣೆಯ ಮಳೆಗಾಲದಲ್ಲಿ ತೇವಾಂಶ ಶೇಕಡಾ 80 ದಾಟುತ್ತದೆ. ಫಿನ್‌ಲೆಂಡಿನ ಮನೆಯೊಳಗೆ ಚಳಿಗಾಲದಲ್ಲಿ ಅದು 20ರ ಆಸುಪಾಸಿಗೆ ಇಳಿಯುವುದು ಮಾಮೂಲು. ಹೀಟರ್ ಏರಿಸಿದಷ್ಟೂ ಗಾಳಿ ಇನ್ನಷ್ಟು ಒಣಗುತ್ತದೆ. ರಾತ್ರಿ ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿ. ಹ್ಯುಮಿಡಿಫೈಯರ್ ತಂದರೂ ಸರಿ, ಆದರೆ ನೀರು ದಿನಾ ಬದಲಿಸಬೇಕು, ಕಿಟಕಿ ಗಾಜಿನ ಮೇಲೆ ನೀರು ಹನಿಯುವಷ್ಟು ಓಡಿಸಬಾರದು. ಬೂಸ್ಟು ಹಿಡಿದರೆ ಅದು ಬೇರೆ ತಲೆನೋವು.

ಮತ್ತೆ ರಕ್ತ ಬಂದರೆ ಮಗನನ್ನು ಮಲಗಿಸಬೇಡಿ, ತಲೆ ಹಿಂದಕ್ಕೆ ಬಾಗಿಸಬೇಡಿ. ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು, ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಕೆಳಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ. ನಡುವೆ ಬಿಟ್ಟು ನಿಂತಿದೆಯಾ ಅಂತ ನೋಡಬೇಡಿ. 20 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಮಲಗುವ ಮುಂಚೆ ಮೂಗಿನ ಹೊಳ್ಳೆಯ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿ.

ಕೊಬ್ಬರಿ ಎಣ್ಣೆ ತಪ್ಪಲ್ಲ. ಆದರೆ ಒಣಗಿದ ಚರ್ಮಕ್ಕೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಇರುವುದಿಲ್ಲ, ಅಲ್ವಾ? ಸ್ನಾನದ ನೀರು ಉಗುರು ಬೆಚ್ಚಗಿರಲಿ, ಸೋಪು ಕಂಕುಳು ಮತ್ತು ಪಾದಕ್ಕಷ್ಟೇ ಸಾಕು. ಟವೆಲ್‌ನಿಂದ ಒತ್ತಿ ಒರೆಸಿಕೊಂಡು ಮೈ ಇನ್ನೂ ಹಸಿ ಇರುವಾಗಲೇ ವಾಸನೆ ಇಲ್ಲದ ಗಟ್ಟಿ ಕ್ರೀಮ್ ಹಚ್ಚಿ. ಲೋಷನ್ ಬೇಡ, ಕ್ರೀಮ್.

ಕಾಲ್ಬೆರಳಿನದು ಹೆಚ್ಚಾಗಿ ಚಿಲ್‌ಬ್ಲೇನ್ಸ್, ಅಂದರೆ ಚಳಿಗೆ ಬೆರಳು ಕೆಂಪಾಗಿ ಊದಿ ತುರಿಸುವ ತೊಂದರೆ. ತಣ್ಣಗಾದ ಕಾಲನ್ನು ನೇರ ಹೀಟರ್‌ಗೆ ಒಡ್ಡಿದರೆ ಅಥವಾ ಬಿಸಿ ನೀರಲ್ಲಿ ಅದ್ದಿದರೆ ಜಾಸ್ತಿ ಆಗುತ್ತದೆ. ಒಣಗಿದ ಉಣ್ಣೆ ಕಾಲುಚೀಲ ಹಾಕಿ ನಿಧಾನವಾಗಿ ಬೆಚ್ಚಗಾಗಲು ಬಿಡಿ. ಬೆರಳು ಆಡಿಸಲು ಜಾಗ ಇರುವ ಬೂಟು ಬೇಕು. ಬೆಚ್ಚಗಿರಲಿ ಅಂತ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಟ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ಚರ್ಮ ಒಡೆದು ಹುಣ್ಣಾದರೆ ಡಾಕ್ಟರಿಗೆ ತೋರಿಸಿಕೊಳ್ಳಿ.

ಮಗನನ್ನು ಒಳಗೆ ಕೂರಿಸಬೇಡಿ. ಅವನಿಗೆ ಹೊರಗಿನ ಆಟ ಬೇಕು, ಬೆಳಕೂ ಬೇಕು. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಅದರ ಮೇಲೆ ಫ್ಲೀಸ್, ಎಲ್ಲಕ್ಕೂ ಮೇಲೆ ಅಲ್ಲಿಯ ಮಕ್ಕಳೆಲ್ಲ ಹಾಕುವ ಇಡೀ ಮೈ ಮುಚ್ಚುವ ಓವರಾಲ್. ಅತ್ತೆಯವರು ಕೊಟ್ಟ ಸ್ವೆಟರ್ ಮನೆಯೊಳಗೆ ಹಾಕಿ. ಮಫ್ಲರ್ ಮಾತ್ರ ಆಟಕ್ಕೆ ಬೇಡ, ಜಾರುಬಂಡಿಗೆ ಸಿಕ್ಕಿಕೊಂಡು ಕುತ್ತಿಗೆಗೆ ಬಿಗಿಯುವ ಅಪಾಯ ಇದೆ. ಕಿವಿ, ಮೂಗಿನ ತುದಿ ಬೆಳ್ಳಗಾಗಿ ಜೋಮು ಹಿಡಿದರೆ ಉಜ್ಜಬಾರದು, ಒಳಗೆ ಕರೆತಂದು ಬೆಚ್ಚಗಿನ ಕೈ ಇಟ್ಟುಕೊಳ್ಳಬೇಕು.

ಪ್ರಶ್ನೆ (ಚಿಂಚವಾಡದಿಂದ ಒಬ್ಬರು ತಾಯಿ):
ಮೇಡಂ, ನನ್ನ ಮಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾನೆ. ಬಿಸಿಲಿಲ್ಲ ಅಂತ ಇಲ್ಲಿಂದಲೇ 60 ಸಾವಿರ ಯೂನಿಟ್‌ನ ವಿಟಮಿನ್ ಡಿ ಪುಡಿಯ ಪೊಟ್ಟಣ ಕಳಿಸಿದ್ದೇನೆ. ದಿನಾ ಒಂದು ಹಾಲಿಗೆ ಹಾಕಿ ಕುಡಿ ಅಂದಿದ್ದೇನೆ. ಸರಿ ತಾನೆ?

ಉತ್ತರ:
ಅಕ್ಕ, ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಆ ಪೊಟ್ಟಣವನ್ನು ನಾವು ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಾರಕ್ಕೊಂದರಂತೆ ಕೆಲವು ವಾರ ಕೊಡುವುದು. ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ವಿಪರೀತ ಬಾಯಾರಿಕೆ ಶುರುವಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಈಗಾಗಲೇ ಕೆಲವು ವಾರ ತಗೊಂಡಿದ್ದರೆ ಅಲ್ಲಿಯ ಡಾಕ್ಟರಿಗೆ ಹೇಳಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಲಿ.

ನಿಮ್ಮ ಚಿಂತೆ ನ್ಯಾಯವಾದದ್ದೇ. ಅಷ್ಟು ಉತ್ತರದಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮ ವಿಟಮಿನ್ ಡಿ ತಯಾರಿಸುವುದಿಲ್ಲ, ನಮ್ಮ ಕಂದು ಚರ್ಮಕ್ಕಂತೂ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಅದಕ್ಕೇ ಅಲ್ಲಿ ಹಾಲಿಗೇ ವಿಟಮಿನ್ ಡಿ ಸೇರಿಸುತ್ತಾರೆ. ಜೊತೆಗೆ ದಿನಕ್ಕೆ 10 ಮೈಕ್ರೋಗ್ರಾಂನ ಮಾತ್ರೆ ಸಾಕು, ಅಂದರೆ 400 ಯೂನಿಟ್. 60 ಸಾವಿರದ ಪಕ್ಕ ಇಟ್ಟು ನೋಡಿ.

ಪ್ರಶ್ನೆ (ಟಾಂಪೆರೆಯವರೇ ಮತ್ತೆ):
ಮೇಡಂ, ಹೀಟರ್ ಇಳಿಸಿದೆವು. ಇನ್ನೊಂದು ಕೇಳಬೇಕಿತ್ತು. ಮಧ್ಯಾಹ್ನ ಮೂರಕ್ಕೇ ಕತ್ತಲೆ. ಬೆಳಿಗ್ಗೆ ಎದ್ದೇಳಲು ಆಗುವುದಿಲ್ಲ, ಅಡುಗೆ ಮಾಡಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ. ಮನೆಯಲ್ಲಿ ಹೇಳಿದರೆ ಊರು ನೆನಪಾಗಿರಬೇಕು ಅನ್ನುತ್ತಾರೆ.

ಉತ್ತರ:
ಊರಿನ ನೆನಪೂ ಇರಬಹುದು ತಂಗಿ, ಆದರೆ ಅಷ್ಟಕ್ಕೇ ಬಿಡಬೇಡಿ. ಬೆಳಗಿನ ಬೆಳಕು ಕಣ್ಣಿಗೆ ಬೀಳದಿದ್ದರೆ ನಿದ್ದೆ, ಹಸಿವು, ಮನಸ್ಸು ಎಲ್ಲವೂ ಹಳಿ ತಪ್ಪುತ್ತವೆ. ಪುಣೆಯಲ್ಲಿ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆ ಬೆಳಕಿರುತ್ತದೆ. ನಿಮ್ಮಲ್ಲಿ ಐದೂವರೆ ಗಂಟೆಯೂ ಇಲ್ಲ. ದೇಹಕ್ಕೆ ಇದು ಸಣ್ಣ ಬದಲಾವಣೆ ಅಲ್ಲ.

ಅಲ್ಲಿ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪ ಸಿಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತು ಚಹಾ ಕುಡಿಯಿರಿ. ದೀಪವನ್ನೇ ದಿಟ್ಟಿಸಬೇಡಿ, ಪಕ್ಕದಲ್ಲಿದ್ದರೆ ಸಾಕು. ಕಣ್ಣಿನ ತೊಂದರೆ ಇದ್ದರೆ, ಅಥವಾ ಹಿಂದೆ ಡಾಕ್ಟರು ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉಬ್ಬಿ ಒಮ್ಮೆ ಅತಿ ಕುಗ್ಗುವ ಕಾಯಿಲೆ) ಅಂತ ಹೇಳಿದ್ದರೆ, ಡಾಕ್ಟರನ್ನು ಕೇಳದೆ ಬಳಸಬೇಡಿ. ಮಧ್ಯಾಹ್ನ ಮೋಡವಿದ್ದರೂ ಹೊರಗೆ ಒಂದು ಸುತ್ತು ಬನ್ನಿ. ಸಂಜೆ ಹೋದರೆ ಜಾಕೆಟ್‌ಗೆ ಹೊಳೆಯುವ ರಿಫ್ಲೆಕ್ಟರ್ ಇರಲೇಬೇಕು.

ಎರಡು ವಾರವಾದರೂ ಹೀಗೇ ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಗನನ್ನು ತೋರಿಸುವ ನ್ಯೂವೊಲಾ, ಅಂದರೆ ತಾಯಿ-ಮಕ್ಕಳ ಕ್ಲಿನಿಕ್, ಇದೆಯಲ್ಲ, ಅಲ್ಲಿನ ನರ್ಸ್ ಹತ್ತಿರವೂ ಹೇಳಬಹುದು, ಅವರು ತಾಯಿಯ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಆರೋಗ್ಯ ಕೇಂದ್ರಕ್ಕೆ ಹೋದಾಗ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಸುವುದು), ಥೈರಾಯ್ಡ್ ಪರೀಕ್ಷೆ ಕೇಳಿ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ತುಂಬ ಸಾಮಾನ್ಯ. ಸುಸ್ತು, ಬೇಸರ, ಕೈಕಾಲು ತಣ್ಣಗಾಗುವುದು ಮೂರೂ ಅದರಿಂದಲೂ ಬರುತ್ತವೆ. ವರದಿ ಬಂದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.