ಎಂಟು ವರ್ಷದ ಮಗನ ಸಿಟ್ಟು: ಕೇಳಿದ್ದು, ಹೇಳಿದ್ದು

ಪ್ರಶ್ನೆ (ಶಿರಸಿ ತಾಲೂಕಿನ ತಾಯಿ): ಮೇಡಂ, ಮಗ ಮೂರನೇ ಕ್ಲಾಸು. ಶಾಲೆಯಿಂದ ಬಂದವನೇ ಮೊಬೈಲ್ ಕೇಳ್ತಾನೆ. ಇಲ್ಲ ಅಂದರೆ ಮುಕ್ಕಾಲು ಗಂಟೆ ಕಿರುಚಾಟ, ತಂಗಿಗೆ ಹೊಡೆತ, ಕೈಗೆ ಸಿಕ್ಕಿದ್ದೆಲ್ಲ ಅಂಗಳಕ್ಕೆ. ಆಮೇಲೆ ತಾನೇ ಅಳುತ್ತ ಬಂದು ಮಡಿಲಲ್ಲಿ ಮಲಗ್ತಾನೆ. ವರ್ಷದಿಂದ ಹೀಗೇ. ಎರಡು ಬಿಗಿದರೆ ಸರಿಹೋಗ್ತಾನೆ ಅಂತಾರೆ ಅಜ್ಜ.

ಉತ್ತರ (ಮಕ್ಕಳ ಆಪ್ತಸಮಾಲೋಚಕಿ, ಕಾರವಾರ): ಬಿಗಿದರೆ ಆ ಹೊತ್ತಿಗೆ ಸುಮ್ಮನಾಗುತ್ತಾನೆ. ಆದರೆ ಸಿಟ್ಟು ಬಂದರೆ ಕೈ ಎತ್ತಬೇಕು ಅನ್ನುವುದನ್ನೇ ಕಲಿತು ತಂಗಿಯ ಮೇಲೆ ತೀರಿಸುತ್ತಾನೆ. ಅಜ್ಜನಿಗೆ ಇದನ್ನು ಮೊಮ್ಮಗ ಸಮಾಧಾನದಲ್ಲಿ ಇರುವಾಗ, ಅವನಿಲ್ಲದ ಕಡೆ ಹೇಳಿ.

ಮೊದಲು ಒಂದು ನೋಟ್‌ಬುಕ್ ಇಡಿ. ಎರಡು ವಾರ ಪ್ರತಿ ರಂಪಾಟಕ್ಕೂ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಅವನೇನು ಮಾಡಿದ, ಕೊನೆಗೆ ಅವನಿಗೇನು ಸಿಕ್ಕಿತು. ನಾಲ್ಕನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ, ಬೇರು ಇರುವುದು ಅಲ್ಲೇ. ಸಂಜೆ ನಾಲ್ಕೂವರೆಯ ಸುತ್ತಲೇ ಹೆಚ್ಚು ಕಂಡರೆ ಹಸಿವು, ದಣಿವು ಸೇರಿಕೊಂಡಿದೆ. ಬಂದ ಕೂಡಲೇ ‘ಹೋಮ್‌ವರ್ಕ್ ಏನು’ ಅನ್ನಬೇಡಿ. ಅವಲಕ್ಕಿಯೋ ದೋಸೆಯೋ ಕೊಟ್ಟು ಅರ್ಧ ಗಂಟೆ ಬಿಡಿ.

ರಂಪ ಶುರುವಾದ ಮೇಲೆ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ತಂಗಿಯನ್ನು ಆಚೆ ಕಳಿಸಿ. ಮೆಟ್ಟುಗತ್ತಿ, ಕುಡುಗೋಲು ಅವನ ಕೈಗೆ ಸಿಗುವಂತೆ ಎಂದೂ ಇಡಬೇಡಿ. ಎರಡು ಮಾರು ದೂರದಲ್ಲಿ, ಎದುರಿಗಲ್ಲ, ಪಕ್ಕಕ್ಕೆ ಕೂತುಕೊಳ್ಳಿ. ‘ಸಿಟ್ಟು ಬಂದಿದೆ. ಇಲ್ಲೇ ಇದ್ದೇನೆ’, ಇಷ್ಟೇ ಮಾತು, ಸಣ್ಣ ದನಿಯಲ್ಲಿ. ಕೋಣೆಗೆ ಹಾಕಿ ಚಿಲಕ ಹಾಕಬೇಡಿ. ಬಾವಿಕಟ್ಟೆಗೋ ರಸ್ತೆಗೋ ಓಡಿದರೆ ಮಾತ್ರ ಹಿಡಿಯಿರಿ, ಅಪಾಯ ತಪ್ಪಿದ ಕೂಡಲೇ ಬಿಡಿ.

ಮಡಿಲಿಗೆ ಬಂದಾಗ ದೂಡಬೇಡಿ, ಆಗಲೇ ಪಾಠವನ್ನೂ ಶುರುಮಾಡಬೇಡಿ. ನೀರು ಕೊಡಿ. ಪೂರ್ತಿ ತಣ್ಣಗಾದ ಮೇಲೆ ಎಸೆದದ್ದನ್ನು ಅವನ ಜೊತೆ ನೀವೂ ಸೇರಿ ಹೆಕ್ಕಿ. ಅದು ಶಿಕ್ಷೆಯಲ್ಲ, ಸರಿಮಾಡುವ ಅಭ್ಯಾಸ.

ತಾಯಿ: ಮೂರು ದಿನ ಮೊಬೈಲ್ ಕೊಡಲಿಲ್ಲ, ಕಿರುಚಾಟ ಮೊದಲಿಗಿಂತ ಹೆಚ್ಚಾಯ್ತು. ನಾಲ್ಕನೇ ದಿನ ಅಜ್ಜಿ ಪಾಪ ಅಂತ ಕೊಟ್ಟುಬಿಟ್ಟರು.

ಉತ್ತರ: ಹೆಚ್ಚಾಗಿದ್ದು ನೀವು ತಪ್ಪಿದ್ದರಿಂದಲ್ಲ. ಇಷ್ಟು ದಿನ ಫಲ ಕೊಟ್ಟ ಉಪಾಯ ಕೆಲಸ ಮಾಡದಾಗ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ, ಆಮೇಲೆ ಇಳಿಯುತ್ತದೆ. ನಡುವೆ ಕೊಟ್ಟರೆ ‘ನಾಲ್ಕು ದಿನ ಕಿರುಚಿದರೆ ಸಿಗುತ್ತದೆ’ ಎಂದು ಕಲಿಯುತ್ತಾನೆ. ಹಾಗಾಗಿ ಪೂರ್ತಿ ನಿಲ್ಲಿಸುವ ಬದಲು ಹೊತ್ತು ಗೊತ್ತುಮಾಡಿ: ತಿಂಡಿ, ಆಟ ಆದಮೇಲೆ 30 ನಿಮಿಷ. ಮುಗಿಯಲು ಹತ್ತು ನಿಮಿಷ, ಐದು ನಿಮಿಷ ಇರುವಾಗ ಹೇಳಿ. ಸಿಟ್ಟಿಲ್ಲದೆ ವಾಪಸ್ ಕೊಟ್ಟ ದಿನ ‘ಜಾಣ’ ಅನ್ನಬೇಡಿ, ‘ಕೇಳಿದ ತಕ್ಷಣ ಮೊಬೈಲ್ ಕೊಟ್ಟೆ, ಖುಷಿಯಾಯ್ತು’ ಅನ್ನಿ. ಅಜ್ಜಿಯೂ ಸೇರಿ ಮನೆಯಲ್ಲಿ ಎಲ್ಲರದೂ ಒಂದೇ ಮಾತಾಗಬೇಕು. ದಿನಕ್ಕೆ ಹತ್ತು ನಿಮಿಷ ಅವನು ಹೇಳಿದ ಆಟ ಆಡಿ. ರಂಪ ಮಾಡಿದ ದಿನವೂ ಅದನ್ನು ತಪ್ಪಿಸಬೇಡಿ.

ಕುಮಟಾ ಕಡೆಯ ಶಿಕ್ಷಕಿ: ನಮ್ಮ ಕ್ಲಾಸಲ್ಲೂ ಇಂಥ ಹುಡುಗನಿದ್ದಾನೆ. ಟಿಸಿ ಕೊಟ್ಟು ಕಳಿಸಿ ಅಂತ ಬೇರೆ ಪಾಲಕರ ಒತ್ತಾಯ.

ಉತ್ತರ: ಆಗದು, ಟೀಚರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅವನನ್ನು ನಿಮ್ಮ ಹತ್ತಿರದ ಬೆಂಚಿಗೆ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮುಷ್ಟಿ ಬಿಗಿಯುವುದು, ಕಾಲು ಕುಣಿಸುವುದು ಕಂಡ ಕೂಡಲೇ ‘ನೀರು ಕುಡಿದು ಬಾ’ ಎಂದು ಎಬ್ಬಿಸಿ.

ತಾಯಿ: ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ಒಂದು ವರ್ಷ ಆಗಿದೆ, ತಂಗಿಗೆ ಪೆಟ್ಟು ಬೀಳುತ್ತಿದೆ. ತೋರಿಸಿ. ಮೊದಲು ಮಕ್ಕಳ ಡಾಕ್ಟರ್ ಹತ್ತಿರ ಕಿವಿ ಕೇಳಿಸುವುದು, ನಿದ್ದೆ, ಮಲಬದ್ಧತೆ, ನಡುನಡುವೆ ಕೆಲವು ಕ್ಷಣ ಒಂದೇ ಕಡೆ ನೋಡುತ್ತ ಮಂಕಾಗುವುದು ಇವನ್ನೆಲ್ಲ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಗೊರಕೆ ಹೊಡೆಯುವ ಮಗು ಹಗಲು ಸಿಡುಕುವುದುಂಟು. ಆಮೇಲೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನ ಮನೋವೈದ್ಯ ವಿಭಾಗಕ್ಕೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಬಹುದು. ‘ಸಾಯ್ತೇನೆ’ ಅಂದರೆ, ತನಗೇ ಗಾಯ ಮಾಡಿಕೊಂಡರೆ, ಪ್ರಾಣಿಗಳನ್ನು ಹಿಂಸಿಸಿದರೆ, ಅಥವಾ ಯಾರೋ ಒಬ್ಬರ ಹತ್ತಿರ ಹೋಗಲು ಇದ್ದಕ್ಕಿದ್ದ ಹಾಗೆ ಹೆದರಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ, ಡಾಕ್ಟರ್ ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.