40 ಸಾವಿರದ ಗೇಮಿಂಗ್ ಪಿಸಿ: ಎಸ್‌ಪಿ ರೋಡಲ್ಲಿ ಯಾವ ಪಾರ್ಟ್ ಹಳೇದು ತಗೋಬಹುದು, ಯಾವುದು ಬೇಡ?

ಕ್ಯಾಬಿನೆಟ್_ಖಾಲಿ

ಎಲ್ಲರಿಗೂ ನಮಸ್ಕಾರ. ಬಜೆಟ್ 40 ಸಾವಿರ. 1080ಪಿ ಮಾನಿಟರ್, ಕೀಬೋರ್ಡ್, ಮೌಸ್ ಇವೆ, ಬೇಕಿರೋದು ಸಿಪಿಯು ಡಬ್ಬ ಮಾತ್ರ. ಆಡೋದು ವ್ಯಾಲರೆಂಟ್, ಸಿಎಸ್2, ಜಿಟಿಎ 5. ಸೈಬರ್‌ಪಂಕ್ ಥರದ ಭಾರೀ ಗೇಮು ಮೀಡಿಯಂನಲ್ಲಿ ಓಡಿದ್ರೆ ಸಾಕು.

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿ ಕೊಟ್ಟಿರೋ ಕೊಟೇಶನ್: "ಐ7 ಪ್ರೊಸೆಸರ್, ಹೊಸ ಎಚ್61 ಬೋರ್ಡ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 256 ಎಸ್‌ಎಸ್‌ಡಿ, ಆರ್‌ಜಿಬಿ ಕ್ಯಾಬಿನೆಟ್ ಜೊತೆಗೆ 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಒಟ್ಟು 19,500". ಅರ್ಧ ಬಜೆಟ್‌ನಲ್ಲೇ ಮುಗಿಯುತ್ತಲ್ಲ, ತಗೋಬಹುದಾ? ಇಲ್ಲಾಂದ್ರೆ ಬಿಡಿ ಪಾರ್ಟ್ ತಂದು ಜೋಡಿಸೋದಾದ್ರೆ ಯಾವುದು ಸೆಕೆಂಡ್ ಹ್ಯಾಂಡ್ ನಡೆಯುತ್ತೆ? ಓಎಲ್‌ಎಕ್ಸ್‌ನಲ್ಲಿ ಆರ್‌ಎಕ್ಸ್ 580, ಜಿಟಿಎಕ್ಸ್ 1660 ಸೂಪರ್, ಆರ್‌ಎಕ್ಸ್ 6600 ಮೂರೂ ಕಾಣಿಸ್ತಿವೆ.

ಹಳೇಬೋರ್ಡು

ಆ ಕೊಟೇಶನ್ ಹರಿದು ಹಾಕಿ. ಐ7 ಅಂತ ಬರೆದಿದ್ದಾರೆ, ಎಷ್ಟನೇ ಜನರೇಶನ್ ಅಂತ ಬರೆದಿಲ್ಲ. ಕಿತಾಪತಿ ಇರೋದೇ ಅಲ್ಲಿ. ಎಚ್61 ಅನ್ನೋದು 2011ರ ಚಿಪ್‌ಸೆಟ್. ಅದರ ಮೇಲೆ ಕೂರೋದು ಎರಡನೇ ಅಥವಾ ಮೂರನೇ ಜನರೇಶನ್, ಅಂದ್ರೆ ಐ7-2600 ಅಥವಾ 3770. ಬೋರ್ಡ್ ಹೊಸದಾಗಿ ತಯಾರಾಗಿರಬಹುದು, ತಂತ್ರಜ್ಞಾನ ಹಳೇದೇ: ರ್‍ಯಾಮ್ ಡಿಡಿಆರ್3, ಮೂಲ ಚಿಪ್‌ಸೆಟ್ಟಲ್ಲಿ 6 ಗಿಗಾಬಿಟ್ ಸಾಟಾ ಕೂಡ ಇಲ್ಲ.

ಬರೀ ನಿಧಾನ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಈ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್2 (ಕೆಲವು ಹೊಸ ಗೇಮುಗಳು ಕೇಳೋ ಲೆಕ್ಕದ ಸೂಚನೆಗಳು) ಇಲ್ಲ. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರ ನಾಲ್ಕನೇ ಜನರೇಶನ್‌ಗೆ. ಎವಿಎಕ್ಸ್2 ಕೇಳೋ ಗೇಮು ಇದರಲ್ಲಿ ತೆರೆಯೋದೇ ಇಲ್ಲ, ಸೆಟ್ಟಿಂಗ್ ಎಷ್ಟು ಇಳಿಸಿದ್ರೂ ಅಷ್ಟೇ. ಇನ್ನು ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಆಡೋಕೆ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರು ಮಾಡೋ ವ್ಯವಸ್ಥೆ) ಎರಡೂ ಬೇಕು. ವಿಂಡೋಸ್ 10 ಹಾಕ್ತೀನಿ ಅಂದ್ರೆ ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. "4 ಜಿಬಿ ಗ್ರಾಫಿಕ್ಸ್ ಕಾರ್ಡ್" ಬಹುಪಾಲು ಜಿಟಿ 730 ಆಗಿರುತ್ತೆ. ಮೆಮೊರಿ ಎಷ್ಟಿದ್ರೇನು, ಅದು ಡಿಡಿಆರ್3, 64 ಬಿಟ್ ದಾರಿ. ವಿಡಿಯೋ ನೋಡೋಕೆ ಲಾಯಕ್ಕು, ಆಟಕ್ಕಲ್ಲ.

40 ಸಾವಿರವನ್ನ ಹೀಗೆ ಹಂಚಿ: ಗ್ರಾಫಿಕ್ಸ್ ಕಾರ್ಡ್‌ಗೆ 14 ಸಾವಿರ, ಪ್ರೊಸೆಸರ್ ಮತ್ತು ಬೋರ್ಡ್ ಜೋಡಿಗೆ 12, ರ್‍ಯಾಮ್‌ಗೆ 5, ಎಸ್‌ಎಸ್‌ಡಿಗೆ 3,500, ಎಸ್‌ಎಂಪಿಎಸ್‌ಗೆ 4, ಕ್ಯಾಬಿನೆಟ್‌ಗೆ 1,500. 2025ರ ಕೊನೆಯಿಂದ ರ್‍ಯಾಮ್ ರೇಟು ಏರ್ತಾ ಹೋಗಿರೋದ್ರಿಂದ ಅಲ್ಲಿ ಹೆಚ್ಚು ಬಿದ್ದರೆ ಕ್ಯಾಬಿನೆಟ್‌ನಲ್ಲಿ ಉಳಿಸಿ. ಎಸ್‌ಎಂಪಿಎಸ್ ದುಡ್ಡಿಗೆ ಮಾತ್ರ ಕೈ ಹಾಕ್ಬೇಡಿ.

ಪ್ರೊಸೆಸರ್ ರೈಜನ್ 5 5600, ಬೋರ್ಡ್ ಬಿ450 ಅಥವಾ ಬಿ550, ಎರಡೂ ಸೆಕೆಂಡ್ ಹ್ಯಾಂಡ್. ಜನ ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋಗ್ತಾ ಈ ಜೋಡಿಯನ್ನ ಒಟ್ಟಿಗೇ ಮಾರ್ತಾರೆ. ಓಡ್ತಿರೋ ಜೋಡಿ ಸಿಕ್ಕರೆ ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ತಲೆನೋವೂ ಇರಲ್ಲ. ಬೇರೆಬೇರೆ ತಗೊಂಡರೆ ಹಳೇ ಬಯಾಸ್ ಇರೋ ಬಿ450, 5600 ಹಾಕಿದಾಗ ಕಪ್ಪು ಸ್ಕ್ರೀನಲ್ಲೇ ನಿಲ್ಲುತ್ತೆ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ಅನ್ನೋದೂ ನೆನಪಿರಲಿ. ಕಾರ್ಡ್ ಇಲ್ಲದೆ ಬೋರ್ಡ್ ಟೆಸ್ಟ್ ಮಾಡೋಕೆ ಹೋದರೆ ಡಿಸ್‌ಪ್ಲೇ ಬರಲ್ಲ, ಬೋರ್ಡ್ ಸತ್ತಿದೆ ಅಂದ್ಕೋಬೇಡಿ.

ರ್‍ಯಾಮ್ ಹಳೇದು ಧಾರಾಳವಾಗಿ ತಗೊಳ್ಳಿ, 8ರದ್ದು ಎರಡು. 16ರದ್ದು ಒಂದೇ ಕಡ್ಡಿ ಹಾಕಿದ್ರೆ ಸಿಂಗಲ್ ಚಾನೆಲ್, ಫ್ರೇಮ್ ಬೀಳುತ್ತೆ. ಸರ್ವರಿಂದ ಕಿತ್ತ ರ್‍ಯಾಮ್ ಅಗ್ಗಕ್ಕೆ ಸಿಗುತ್ತೆ, ಆದ್ರೆ ಈ ಬೋರ್ಡುಗಳಲ್ಲಿ ಓಡಲ್ಲ. ಲೇಬಲ್ಲಲ್ಲಿ ಪಿಸಿ4-2400ಟಿ ಆದಮೇಲೆ "ಯು" ಇದ್ದರೆ ಡೆಸ್ಕ್‌ಟಾಪ್‌ದು, "ಆರ್" ಇದ್ದರೆ ಸರ್ವರ್‌ದು. ಎಸ್‌ಎಸ್‌ಡಿ ಹೊಸದೇ.

ನೀಲಿಪರದೆ

ಮೇಲಿನವರು ಕಾರ್ಡ್ ವಿಷಯ ಬಿಟ್ಟಿದ್ದಾರೆ, ದುಡ್ಡು ಕಳೆದುಹೋಗುವುದು ಹೆಚ್ಚಾಗಿ ಅಲ್ಲಿಯೇ.

ಮೂರರಲ್ಲಿ ಮೊದಲ ಆಯ್ಕೆ ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, ಒಂದೇ 8 ಪಿನ್ ಪವರ್ ವೈರ್ ಸಾಕು. ಎರಡನೆಯದು 1660 ಸೂಪರ್: 6 ಜಿಬಿ, 125 ವ್ಯಾಟ್. ಆರ್‌ಎಕ್ಸ್ 580 2017ರ ಕಾರ್ಡ್, 185 ವ್ಯಾಟ್ ಎಳೆಯುತ್ತದೆ. 2023ರಲ್ಲೇ ಎಎಂಡಿ ಅದನ್ನು ಮುಖ್ಯ ಡ್ರೈವರ್ ಸಾಲಿನಿಂದ ಹೊರಗಿಟ್ಟಿದೆ. ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ ಯೋಚಿಸಿ. ಜಿಟಿಎಕ್ಸ್ 1060, 1070 ಕಣ್ಣಿಗೆ ಬಿದ್ದರೂ ಬಿಡಿ, ಹತ್ತರ ಸರಣಿಗೆ ಗೇಮ್ ಡ್ರೈವರ್ ಬರುವುದು 2025ರ ಅಕ್ಟೋಬರ್‌ಗೆ ನಿಂತಿತು.

ನೋಡಲು ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್ (ಕಾರ್ಡ್ ವಿವರ ತೋರಿಸುತ್ತದೆ), ಫರ್‌ಮಾರ್ಕ್, ಒಸಿಸಿಟಿ (ಕಾರ್ಡ್‌ಗೆ ಲೋಡ್ ಕೊಟ್ಟು ಪರೀಕ್ಷಿಸುತ್ತವೆ) ಹಾಕಿಕೊಂಡು ಹೋಗಿ. ಕಾರ್ಡ್ ಮಾರುವವರ ಸಿಸ್ಟಮ್‌ನಲ್ಲಿ ಓಡುತ್ತಿರಬೇಕು. "ಸಿಸ್ಟಮ್ ಮಾರಿಬಿಟ್ಟೆ, ಕಾರ್ಡ್ ಮಾತ್ರ ಇದೆ" ಎಂದರೆ ನೀವು ಕೊಳ್ಳುತ್ತಿರುವುದು ಕಾರ್ಡ್ ಅಲ್ಲ, ಲಾಟರಿ.

ಪವರ್ ಕೊಡುವ ಮೊದಲು ಟಾರ್ಚ್ ಹಾಕಿ ನೋಡಿ. ಹಿಂದಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳ ತಲೆ ಸವೆದಿದ್ದರೆ ಬಿಚ್ಚಲಾಗಿದೆ ಎಂದರ್ಥ. ಪೇಸ್ಟ್ ಬದಲಿಸಲು ಬಿಚ್ಚಿದ್ದರೆ ತಪ್ಪಿಲ್ಲ. ಆದರೆ ಚಿಪ್‌ನ ಸುತ್ತ ಕಂದು ಬಣ್ಣದ ಅಂಟಿನಂಥ ಫ್ಲಕ್ಸ್ ಕಾಣಿಸಿದರೆ ಅದು ಬಿಸಿಗಾಳಿ ಕೊಟ್ಟೋ ರೀಬಾಲ್ (ಚಿಪ್ ಕಿತ್ತು ಮತ್ತೆ ಬೆಸುಗೆ) ಮಾಡಿಯೋ ಎಬ್ಬಿಸಿದ ಕಾರ್ಡ್. ಅಂಗಡಿಯ "7 ದಿನ ಟೆಸ್ಟಿಂಗ್ ವಾರಂಟಿ" ದಾಟುವಷ್ಟು ಓಡುತ್ತದೆ, ಆಮೇಲೆ ದೇವರೇ ಗತಿ. ಥರ್ಮಲ್ ಪ್ಯಾಡ್‌ನಿಂದ ಎಣ್ಣೆಯಂತೆ ಜಿನುಗಿದ್ದರೆ ಗಾಬರಿ ಬೇಡ, ಅದು ಸಿಲಿಕೋನ್. ಪ್ಯಾಡ್ ಹಳತಾಗಿದೆ, ಅಷ್ಟೇ.

ನಂತರ ಜಿಪಿಯು-ಝಡ್ ತೆರೆದು ಶೇಡರ್ (ಚಿಪ್‌ನ ಲೆಕ್ಕದ ಘಟಕ) ಸಂಖ್ಯೆ ನೋಡಿ. 6600ಕ್ಕೆ 1792, 1660 ಸೂಪರ್‌ಗೆ 1408, 580ಕ್ಕೆ 2304. 580ರಲ್ಲಿ 2048 ಎಂದು ಬಂದರೆ ಅದು ಚೀನಾ ಮಾರುಕಟ್ಟೆಗೆ ಬಂದ ಕಡಿಮೆ ಶಕ್ತಿಯ ಆವೃತ್ತಿ, ಕೆಲಸದಲ್ಲಿ 570ಕ್ಕೆ ಸಮ, ಬೆಲೆಯೂ 570ರದ್ದೇ ಇರಬೇಕು. ಹೆಸರಿನ ಮುಂದೆ "ಫೇಕ್" ಎಂದು ಬಂದರೆ ಹಳೆಯ ಕಾರ್ಡ್‌ಗೆ ಬಯಾಸ್ ತಿದ್ದಿ ಹೊಸ ಹೆಸರು ಅಂಟಿಸಿದ್ದಾರೆ. 6600ರಲ್ಲಿ ಬಸ್ "x8" ಎಂದು ತೋರಿಸುವುದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ.

ಅದೇ ಕಿಟಕಿಯಲ್ಲಿ ಬಯಾಸ್ ಆವೃತ್ತಿಯ ಪಕ್ಕ "ಯುಇಎಫ್‌ಐ" (ಹೊಸ ಬಗೆಯ ಬೂಟ್) ಎಂಬ ಚೌಕವಿದೆ. ಅಲ್ಲಿ ಟಿಕ್ ಇರಲೇಬೇಕು. ಕ್ರಿಪ್ಟೊ ಮೈನಿಂಗ್‌ಗೆ ಬಯಾಸ್ ತಿದ್ದಿದ ಕೆಲವು 570, 580 ಕಾರ್ಡ್‌ಗಳಲ್ಲಿ ಈ ಭಾಗ ಕೆಟ್ಟಿರುತ್ತದೆ. ಆಗ ಬೋರ್ಡ್‌ನ ಸಿಎಸ್‌ಎಂ (ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡಿದರೆ ಡಿಸ್‌ಪ್ಲೇ ಬರುವುದಿಲ್ಲ, ಆಫ್ ಮಾಡದೆ ಸೆಕ್ಯೂರ್ ಬೂಟ್ ಆಗುವುದಿಲ್ಲ, ವ್ಯಾಲರೆಂಟ್ ಬಾಗಿಲು ಅಲ್ಲೇ ಮುಚ್ಚಿತು. ಮೂಲ ಬಯಾಸ್ ಮತ್ತೆ ಬರೆದರೆ ಸರಿಹೋಗಬಹುದು, ಆ ಕೆಲಸ ಮಾರುವವರು ಮಾಡಿಕೊಡಲಿ.

ಕೊನೆಗೆ ಫರ್‌ಮಾರ್ಕ್ 15 ನಿಮಿಷ. ಮಾಮೂಲು ಉಷ್ಣತೆಗೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗ) 25 ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಅಷ್ಟನ್ನು ರೇಟಿನಲ್ಲಿ ಇಳಿಸಿಕೊಳ್ಳಿ. ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕಗಳು ಮೂಡಿದರೆ ಮೆಮೊರಿ ಹೋಗಿದೆ, ಯಾವ ರೇಟಿಗೂ ಬೇಡ. ಫರ್‌ಮಾರ್ಕ್ ಮೆಮೊರಿಯನ್ನು ಪೂರ್ತಿ ಹಿಂಡುವುದಿಲ್ಲ, ಅದಕ್ಕೆ ಒಸಿಸಿಟಿಯ ವಿರ್‍ಯಾಮ್ ಟೆಸ್ಟ್ ಓಡಿಸಿ: ಎರರ್ ಸೊನ್ನೆ ಇರಬೇಕು, ಒಂದೇ ಬಂದರೂ ಎದ್ದು ಬನ್ನಿ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಒಂದೊಂದಕ್ಕೂ ಕೇಬಲ್ ಚುಚ್ಚಿ ನೋಡಿ. ಲೋಡ್ ಇಲ್ಲದಾಗ ಫ್ಯಾನ್ ನಿಂತಿರುವುದು ಸಹಜ.

ಆಫೀಸ್‌ಪಿಸಿ_ಪ್ರೇಮಿ

ವ್ಯಾಲರೆಂಟ್, ಸಿಎಸ್2 ಅಷ್ಟಕ್ಕೇ 40 ಸಾವಿರ ಯಾಕೆ ಗುರು? ಕಂಪನಿಗಳು ಲೀಸ್ ಮುಗಿದಮೇಲೆ ಬಿಡೋ ಡೆಲ್ ಆಪ್ಟಿಪ್ಲೆಕ್ಸ್ 3060, 5060, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4 ಬೆಂಗಳೂರಲ್ಲಿ ರಾಶಿ ರಾಶಿ ಇವೆ. ಐ5-8500, ಆರು ಕೋರ್. ಎಂಟನೇ ಜನರೇಶನ್ ಆದ್ದರಿಂದ ವಿಂಡೋಸ್ 11, ಟಿಪಿಎಂ ಎಲ್ಲಾ ಸಲೀಸು. ಲೈಸೆನ್ಸೂ ಬೋರ್ಡಲ್ಲೇ ಇರುತ್ತೆ. ಟವರ್ ಮಾಡೆಲ್ ತಗೊಂಡು 6 ಪಿನ್ ಬೇಡದ ಜಿಟಿಎಕ್ಸ್ 1650 ಚುಚ್ಚಿ, ಇನ್ನೊಂದು 8 ಜಿಬಿ ಕಡ್ಡಿ ಹಾಕಿ, ಆಯ್ತು.

ಹಳೇಬೋರ್ಡು

ಇದೂ ಸರಿನೇ, ಆದ್ರೆ ಸೈಬರ್‌ಪಂಕ್ ಮರೆತುಬಿಡಬೇಕು. ಇನ್ನೂ ಮೂರು ಗಂಟುಗಳಿವೆ. ಚಪ್ಪಟೆ ಡಬ್ಬದ ಎಸ್‌ಎಫ್‌ಎಫ್ ಮಾಡೆಲ್ ಅಗ್ಗ ಅಂತ ತಂದರೆ ಗಿಡ್ಡ ಲೋ-ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಯುತ್ತೆ. ಆ ಸೈಜಲ್ಲಿ ಸಿಗೋ ಆರ್‌ಎಕ್ಸ್ 6400ಕ್ಕೆ ಇರೋದು ನಾಲ್ಕೇ ಲೇನ್ (ಬೋರ್ಡ್ ಜೊತೆ ಡೇಟಾ ಓಡಾಡೋ ದಾರಿ). ಎಂಟನೇ ಜನರೇಶನ್ ಪಿಸಿಐಇ 3.0, ಅಲ್ಲಿ ಅದರ ವೇಗ ಇಳಿಯುತ್ತೆ.

ಎರಡನೇದು, ಡೆಲ್‌ನ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ, ಮಾಮೂಲಿ 24 ಪಿನ್ ಹೊಂದಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಅಂತ 6 ಪಿನ್ ವಯರೂ ಇರಲ್ಲ. ಆಗ ಅಂಗಡಿಯವರು ಸಾಟಾದಿಂದ 6 ಪಿನ್ ಮಾಡೋ ನೂರು ರೂಪಾಯಿ ಅಡಾಪ್ಟರ್ ಕೊಡ್ತಾರೆ. ಬೇಡ. ಸಾಟಾ ಪ್ಲಗ್ಗಿನ 12 ವೋಲ್ಟ್ ಮಿತಿ 54 ವ್ಯಾಟ್, 6 ಪಿನ್ ಕೇಳಬಹುದಾದ್ದು 75. ಪ್ಲಾಸ್ಟಿಕ್ ಕರಗುತ್ತೆ, ಕೆಲವೊಮ್ಮೆ ಅಷ್ಟಕ್ಕೇ ನಿಲ್ಲಲ್ಲ. ಮೂರನೇದು, ನಾಳೆ ಅಪ್‌ಗ್ರೇಡ್ ಮಾಡೋಣ ಅಂದ್ರೆ ಆ ಬೋರ್ಡ್ ಬೇರೆ ಕ್ಯಾಬಿನೆಟ್‌ಗೆ ಸರಿಯಾಗಿ ಕೂರಲ್ಲ.

ಕ್ಯಾಬಿನೆಟ್_ಖಾಲಿ

ಹಾಗಾದ್ರೆ 5600 ಮತ್ತು ಆರ್‌ಎಕ್ಸ್ 6600 ಫಿಕ್ಸ್. ಎರಡು ಅನುಮಾನ. ಕ್ಯಾಬಿನೆಟ್ ಜೊತೆ ಬರೋ 450 ವ್ಯಾಟ್ ಎಸ್‌ಎಂಪಿಎಸ್ ಸಾಲಲ್ವಾ? ಕಾರ್ಡ್ 132 ವ್ಯಾಟ್ ತಾನೇ? ಮತ್ತೆ ಮನೇಲಿರೋ 600 ವಿಎ ಯುಪಿಎಸ್ ತಡೆಯುತ್ತಾ? ಬೇಸಿಗೆ, ಮಳೆ ಎರಡರಲ್ಲೂ ಕರೆಂಟ್ ಹೋಗಿ ಬಂದು ಮಾಡುತ್ತೆ.

ಹನ್ನೆರಡು_ವೋಲ್ಟ್

ಡಬ್ಬದ ಮೇಲಿನ 450 ನೋಡ್ಬೇಡಿ, ಪಕ್ಕದ ಲೇಬಲ್ ಓದಿ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನೋದು 12 ವೋಲ್ಟ್ ಸಾಲಿಂದ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಅಲ್ಲಿ 18 ಆಂಪ್ ಅಂತ ಇದ್ದರೆ 12 ಗುಣಿಸು 18, ಬರೋದು 216 ವ್ಯಾಟ್. ಉಳಿದ ಲೆಕ್ಕ 3.3 ಮತ್ತು 5 ವೋಲ್ಟ್‌ನಲ್ಲಿ ತುಂಬಿಸಿರ್ತಾರೆ, ನಿಮಗೆ ಉಪಯೋಗ ಇಲ್ಲ. ನಿಮ್ಮದು: ಕಾರ್ಡ್ 132, 5600 ಲೋಡ್‌ನಲ್ಲಿ 76ರವರೆಗೆ, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿಗೆ ಒಂದು 40. ಹತ್ತಿರ ಹತ್ತಿರ 250. ಕಾರ್ಡ್ ಕ್ಷಣಮಾತ್ರ ಎಳೆಯೋ ಜಿಗಿತ ಇದಕ್ಕೂ ಮೇಲೆ. ಆಗ ಆಗೋದು ಏನಪ್ಪಾ ಅಂದ್ರೆ, ಡೆಸ್ಕ್‌ಟಾಪಲ್ಲಿ ಎಲ್ಲಾ ಚೆನ್ನಾಗಿರುತ್ತೆ, ಗೇಮ್ ಲೋಡ್ ಆದ ಕೂಡಲೇ ರೀಸ್ಟಾರ್ಟ್. ಜನ ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಓಡ್ತಾರೆ.

80 ಪ್ಲಸ್ ಬ್ರಾನ್ಜ್ (ದಕ್ಷತೆಯ ದರ್ಜೆ) 550 ವ್ಯಾಟ್ ಹೊಸದು ತಗೊಳ್ಳಿ, ಲೇಬಲ್ಲಲ್ಲಿ 12 ವೋಲ್ಟ್‌ಗೆ 45 ಆಂಪ್ ಆಸುಪಾಸು ಇರಬೇಕು. ಐದು ವರ್ಷ ವಾರಂಟಿ ಇರೋದನ್ನೇ ಹುಡುಕಿ.

600 ವಿಎ ಅಂದ್ರೆ ಬಹುಪಾಲು 360 ವ್ಯಾಟ್. ಮಾನಿಟರ್ ಸೇರಿ 280 ಆಗುತ್ತೆ, ಹೊರುತ್ತೆ, ಆದ್ರೆ ಕೆಲವೇ ನಿಮಿಷ. ಸೇವ್ ಮಾಡಿ ಮುಚ್ಚೋಕೆ ಸಾಕು. ತೊಂದರೆ ಬೇರೆ ಕಡೆ ಇದೆ: ಈ ಸೈಜಿನ ಯುಪಿಎಸ್ ಬ್ಯಾಟರಿ ಮೇಲೆ ಕೊಡೋದು ಶುದ್ಧ ಸೈನ್ ವೇವ್ ಅಲ್ಲ. ಒಳ್ಳೇ ಎಸ್‌ಎಂಪಿಎಸ್‌ನ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯೋದನ್ನ ಹದ ಮಾಡೋ ಸರ್ಕ್ಯೂಟ್) ಕೆಲವೊಮ್ಮೆ ಇದಕ್ಕೆ ಒಗ್ಗಲ್ಲ, ಕರೆಂಟ್ ಹೋದ ಕ್ಷಣವೇ ಪಿಸಿ ಆಫ್. ಗೇಮ್ ಓಡ್ತಿರುವಾಗ ಯುಪಿಎಸ್ ಪ್ಲಗ್ ಕಿತ್ತು ಒಂದ್ಸಲ ಪರೀಕ್ಷೆ ಮಾಡಿ.

ಬಾಡಿಗೆ ಮನೆಯಾದ್ರೆ ಅರ್ಥಿಂಗ್ ಕೂಡ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದ್ರೆ ಪಿನ್ನಲ್ಲಿ ಅರ್ಥ್ ಬಂದಿಲ್ಲ ಅಂತ. ಎಸ್‌ಎಂಪಿಎಸ್ ಬದಲಾಯಿಸಿದ್ರೂ ಅದು ಹೋಗಲ್ಲ.

ಚಿಕ್ಕಪೇಟೆ_ಸ್ಟೇಷನ್

ಕೊಳ್ಳೋ ವಿಷಯಕ್ಕೆ ನಂದೆರಡು ಮಾತು. ಗಾಡಿ ತಗೊಂಡು ಹೋಗ್ಬೇಡಿ, ನಿಲ್ಲಿಸೋಕೆ ಜಾಗ ಹುಡುಕೋದೇ ದೊಡ್ಡ ಕೆಲಸ. ಹಸಿರು ಲೈನ್ ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಮಾರ್ಕೆಟ್ ಸ್ಟೇಷನ್ ಇಳಿದು ನಡೀರಿ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತೆ. ವಾರದ ದಿನ ಹನ್ನೊಂದರ ಮೇಲೆ ಹೋಗಿ, ಟೆಸ್ಟ್ ಮಾಡಿ ತೋರಿಸೋ ವ್ಯವಧಾನ ಅವರಿಗೂ ಇರುತ್ತೆ. ಸಂಡೇ ಬಜಾರ್ ಕೇಬಲ್, ಫ್ಯಾನು, ಖಾಲಿ ಕ್ಯಾಬಿನೆಟ್‌ಗೆ ಮಾತ್ರ ಸರಿ.

ಎಸ್‌ಎಂಪಿಎಸ್, ಎಸ್‌ಎಸ್‌ಡಿ ರೇಟ್ ಕೇಳುವಾಗ ಮೊದಲ ಮಾತೇ "ಬಿಲ್ ಸಮೇತ ಎಷ್ಟು?" ಆಗಿರಲಿ. ಚೌಕಾಸಿ ಎಲ್ಲಾ ಮುಗಿದಮೇಲೆ ಬಿಲ್ ಕೇಳಿದ್ರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂತಾರೆ, ಆನ್‌ಲೈನ್ ರೇಟಿಗಿಂತ ದುಬಾರಿ ಆಗುತ್ತೆ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್‌ಗೆ ಹಳೇ ಬಿಲ್ ಇದ್ದರೆ ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಆದ್ರೆ ಬಿಲ್ಲಿನ ಸೀರಿಯಲ್ಲೂ ಕಾರ್ಡಿನ ಸ್ಟಿಕ್ಕರ್ ಸೀರಿಯಲ್ಲೂ ಒಂದೇನಾ ನೋಡಿ.

ಓಎಲ್‌ಎಕ್ಸ್‌ನಲ್ಲಿ ಅಡ್ವಾನ್ಸ್ ಕೇಳೋರು, "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ವಾಪಸ್ ಬರುತ್ತೆ" ಅನ್ನೋರು, ಎಲ್ಲಾ ಒಂದೇ ಗುಂಪು. ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಹಾಕೋದೇ ಬೇಕಿಲ್ಲ.

ಕ್ಯಾಬಿನೆಟ್_ಖಾಲಿ

5600 ಮತ್ತು ಬಿ450 ಒಟ್ಟಿಗೆ ಮಾರೋರು ವಿಜಯನಗರದಲ್ಲಿ ಒಬ್ಬರು ಸಿಕ್ಕಿದ್ದಾರೆ. ಬಿಚ್ಚಿ ಕೊಡ್ತೀನಿ ಅಂತಿದ್ದಾರೆ. ಏನು ನೋಡ್ಬೇಕು?

ಹಳೇಬೋರ್ಡು

ಬಿಚ್ಚೋದೇ ಬೇಡ, ಕೂಲರ್ ಸಮೇತ ಬೋರ್ಡ್ ಮೇಲೇ ಇರಲಿ, ಹಾಗೇ ತನ್ನಿ. ಎಎಂ4ನಲ್ಲಿ (5600 ಕೂರೋ ಸಾಕೆಟ್) ಪಿನ್ ಇರೋದು ಪ್ರೊಸೆಸರ್‌ಗೆ, 1331 ಪಿನ್. ಪೇಸ್ಟ್ ಒಣಗಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರ್ರೂ ಸಾಕೆಟ್ಟಿಂದ ಕಿತ್ಕೊಂಡು ಬರುತ್ತೆ, ಪಿನ್ ಬಾಗುತ್ತೆ. ಪಿನ್ ನೋಡಲೇಬೇಕು ಅಂದ್ರೆ ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರ್ ಸ್ಕ್ರೂ ಬಿಚ್ಚಿ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ ಸಡಿಲ ಆದಮೇಲೆ ಎತ್ತಿ. ಬಿಚ್ಚೋ ಮುಂಚೆ ಬಯಾಸ್‌ಗೆ ಹೋಗಿ ಇರೋ ಎಲ್ಲಾ ರ್‍ಯಾಮ್ ಸ್ಲಾಟ್ ಒಂದೊಂದಾಗಿ ಕಾಣಿಸುತ್ತಾ ನೋಡಿ. ಬಾಗಿದ ಪಿನ್ ನೆಟ್ಟಗೆ ಮಾಡಿ ಮಾರೋರ ಬೋರ್ಡಲ್ಲಿ ಸಾಮಾನ್ಯವಾಗಿ ಒಂದು ಚಾನೆಲ್ ಸತ್ತಿರುತ್ತೆ.